ಎರಡೂವರೆ ಸೆಕೆಂಡು ದೂರದ ಚಂದ್ರ

ಚಂದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಹೋಗಿ ಬರಲು ಎರಡೂವರೆ ಸೆಕೆಂಡು. ಹೊಸೂರಿನ ತಳಿ ರಸ್ತೆಯಲ್ಲಿ ಕೈಗಡಿಯಾರ ರಿಪೇರಿ ಅಂಗಡಿ ಇಟ್ಟವನ ಬಾಯಲ್ಲಿ ಇನ್ನೇನು ಬಂದೀತು ಎಂದು ಗಿರಾಕಿಗಳು ನಗುತ್ತಾರೆ. ನಗಲಿ. ಭೂಮಿಯಿಂದ ಚಂದ್ರನವರೆಗೆ ಟೇಪು ಹಿಡಿದು ಅಳೆದವರು ಯಾರೂ ಇಲ್ಲ. ಶಾಲೆಯ ಪುಸ್ತಕದಲ್ಲಿ ಅಚ್ಚಾಗುವ 3,84,400 ಕಿ.ಮೀ. ಎಂಬ ಸಂಖ್ಯೆ ಇವತ್ತು ಇಷ್ಟು ಖಚಿತವಾಗಿದ್ದರೆ ಅದಕ್ಕೆ ಕಾರಣ ಗಡಿಯಾರ. ಈ ಕಡೆಯಿಂದ ಒಂದು ರೇಡಿಯೊ ಅಲೆ ಕಳಿಸಿ, ಅದು ಚಂದ್ರನಿಗೆ ತಾಗಿ ಮರಳುವವರೆಗೆ ಕಾಲ ಅಳೆಯುವುದು. ರೇಡಾರ್ ಎಂದರೆ ಇಷ್ಟೇ.

ನಮ್ಮ ಊರಿಗೆ ಈ ಮಾತು ಹೊಂದುತ್ತದೆ. ಹೊಸೂರು ಗಡಿಯಾರದ ಊರು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆ ಸೇರಿ ಕಟ್ಟಿದ ಟೈಟನ್ ಕಂಪನಿಯ ಕಾರ್ಖಾನೆ ಬಂದದ್ದು ಇಲ್ಲಿಗೆ. ಅದಕ್ಕೂ ಮೊದಲು ನಮ್ಮ ಕಡೆಯವರ ಕೈಯಲ್ಲಿದ್ದದ್ದು ಬೆಂಗಳೂರಿನ ಎಚ್‌ಎಂಟಿ. ಅಪ್ಪ ಬಿಟ್ಟುಹೋದ ಜನತಾ, ಪೈಲಟ್ ವಾಚುಗಳನ್ನು ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರಿನ ಮಕ್ಕಳು ಇವತ್ತಿಗೂ ನನ್ನ ಹತ್ತಿರ ತರುತ್ತಾರೆ. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿದವನು. ಓದಿದ ಭೌತಶಾಸ್ತ್ರ ಹೊಟ್ಟೆಗೆ ಹಾಕಲಿಲ್ಲ, ಅಪ್ಪನ ಚಿಮಟ, ಸ್ಕ್ರೂಡ್ರೈವರು ಹಾಕಿದವು. ಆದರೂ ಎರಡನ್ನೂ ಬಿಟ್ಟಿಲ್ಲ. ಹಾಗಾಗಿ ಚಂದ್ರನ ದೂರದ ಕತೆಯನ್ನು ಗಡಿಯಾರದವನ ಕಡೆಯಿಂದಲೇ ಹೇಳುತ್ತೇನೆ.

ಕೋನದಿಂದ ಕಾಲಕ್ಕೆ

ರೇಡಾರ್ ಬರುವ ಮುಂಚೆ ಚಂದ್ರನ ದೂರ ಗೊತ್ತಿರಲಿಲ್ಲ ಎಂದಲ್ಲ. ಸೂರ್ಯಸಿದ್ಧಾಂತ ಭೂಮಿಯ ವ್ಯಾಸವನ್ನು 1,600 ಯೋಜನ ಎಂದೂ ಚಂದ್ರನ ಕಕ್ಷೆಯ ಸುತ್ತಳತೆಯನ್ನು 3,24,000 ಯೋಜನ ಎಂದೂ ಹೇಳುತ್ತದೆ. ಯೋಜನ ಎಂದರೆ ಎಷ್ಟು ಮೈಲಿ ಎಂಬ ಜಗಳ ನಮಗೆ ಬೇಡ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಾಕು. ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 64 ಪಟ್ಟು ಎಂದು ಬರುತ್ತದೆ. ಇವತ್ತಿನ ಲೆಕ್ಕ ಸುಮಾರು 60 ಪಟ್ಟು. ದೂರದರ್ಶಕವಿಲ್ಲದ ಕಾಲದ ಗಣಿತಕ್ಕೆ ಇದು ಸಣ್ಣ ಸಾಧನೆಯಲ್ಲ.

ಆಮೇಲೆ ಯುರೋಪಿನವರು ಕೋನದ ದಾರಿಯಲ್ಲೇ ಮುಂದೆ ಹೋದರು. 1751ರ ಹೊತ್ತಿಗೆ ಫ್ರಾನ್ಸಿನ ಲಾಲಾಂದ್ ಬರ್ಲಿನ್‌ನಿಂದ, ಅವರದೇ ದೇಶದ ಲಕೈ ಆಫ್ರಿಕದ ತುದಿಯ ಕೇಪಿನಿಂದ ಚಂದ್ರನನ್ನು ನೋಡಿ, ನಕ್ಷತ್ರಗಳ ನಡುವೆ ಅವನ ಜಾಗ ಇಬ್ಬರಿಗೂ ಎಷ್ಟು ಬೇರೆಯಾಗಿ ಕಂಡಿತು ಎಂದು ಹೋಲಿಸಿದರು. ಎರಡು ಊರುಗಳ ನಡುವಿನ ಅಂತರ ಗೊತ್ತು, ಕೋನ ಗೊತ್ತು, ಉಳಿದದ್ದು ತ್ರಿಕೋನದ ಲೆಕ್ಕ. ಕೃಷ್ಣಗಿರಿ ದಾಟಿ ವಾಣಿಯಂಬಾಡಿಯ ಕಡೆ ಹೋದರೆ ಜವ್ವಾದಿ ಬೆಟ್ಟದಲ್ಲಿ ಕಾವಲೂರಿನ ವೇಣು ಬಾಪು ವೀಕ್ಷಣಾಲಯ ಸಿಗುತ್ತದೆ. 1986ರಿಂದ ಅಲ್ಲಿರುವ 2.34 ಮೀಟರ್ ಕನ್ನಡಿಯ ದೂರದರ್ಶಕ ಕೂಡ ಈ ನೋಡುವ ಪರಂಪರೆಗೆ ಸೇರಿದ್ದು. ಆಕಾಶದಿಂದ ಬಂದ ಬೆಳಕನ್ನು ಅದು ಹಿಡಿಯುತ್ತದೆ, ತಾನಾಗಿ ಏನನ್ನೂ ಕಳಿಸುವುದಿಲ್ಲ.

ರೇಡಾರ್ ಕಳಿಸುತ್ತದೆ. ಕೃಷ್ಣಗಿರಿಯ ಕೋಟೆ ಬಂಡೆಯ ಎದುರು ನಿಂತು ಜೋರಾಗಿ ಕೂಗಿ. ಕೂಗು ಮರಳಿ ಬರಲು ಒಂದು ಸೆಕೆಂಡು ಹಿಡಿದರೆ ಬಂಡೆ ನಿಮ್ಮಿಂದ ಸುಮಾರು 170 ಮೀಟರ್ ದೂರದಲ್ಲಿದೆ. ಶಬ್ದ ಸೆಕೆಂಡಿಗೆ 340 ಮೀಟರ್ ಓಡುತ್ತದೆ, ಅದರಲ್ಲಿ ಅರ್ಧ ಹೋಗಲು, ಅರ್ಧ ಬರಲು. ಚಂದ್ರನ ವಿಷಯದಲ್ಲಿ ಕೂಗಿನ ಜಾಗಕ್ಕೆ ರೇಡಿಯೊ ಅಲೆ ಹಾಕಿಕೊಳ್ಳಿ. ಅದರ ವೇಗ ಸೆಕೆಂಡಿಗೆ 2,99,792.458 ಕಿ.ಮೀ. 3,84,400ನ್ನು ಎರಡರಿಂದ ಗುಣಿಸಿ ಈ ವೇಗದಿಂದ ಭಾಗಿಸಿದರೆ 2.56 ಸೆಕೆಂಡು. ನಾನು ಎರಡೂವರೆ ಎನ್ನುವುದು ಇದನ್ನೇ.

ಮೊದಲ ಉತ್ತರ ಬಂದ ಹಗಲು

ಚಂದ್ರನಿಂದ ಮೊದಲ ಉತ್ತರ ಬಂದದ್ದು 1946ರ ಜನವರಿ 10ರಂದು, ಅಮೆರಿಕದ ನ್ಯೂಜೆರ್ಸಿಯ ಕ್ಯಾಂಪ್ ಇವಾನ್ಸ್ ಎಂಬ ಸೇನಾ ಪ್ರಯೋಗಾಲಯಕ್ಕೆ. ಎರಡನೇ ಮಹಾಯುದ್ಧ ಮುಗಿದು ಐದು ತಿಂಗಳಷ್ಟೇ ಆಗಿತ್ತು. ವಿಮಾನ ಪತ್ತೆಗೆಂದು ಮಾಡಿದ್ದ ರೇಡಾರನ್ನು ಲೆಫ್ಟಿನೆಂಟ್ ಕರ್ನಲ್ ಜಾನ್ ಡಿವಿಟ್ ಮತ್ತು ಕಿಂಗ್ ಸ್ಟೊಡೋಲಾ ಅವರ ತಂಡ ಬಿಚ್ಚಿ, ಮಾರ್ಪಡಿಸಿ ಚಂದ್ರನತ್ತ ತಿರುಗಿಸಿತು. ಕೆಲಸಕ್ಕೆ ರೋಮನ್ನರ ಚಂದ್ರದೇವತೆ ಡಯಾನಾಳ ಹೆಸರಿಟ್ಟರು. ಆಂಟೆನಾವನ್ನು ಎಡಬಲಕ್ಕೆ ತಿರುಗಿಸಬಹುದಿತ್ತು, ಮೇಲಕ್ಕೆ ಎತ್ತಲಾಗುತ್ತಿರಲಿಲ್ಲ. ಹಾಗಾಗಿ ಚಂದ್ರ ಹುಟ್ಟುವಾಗ ಅಥವಾ ಮುಳುಗುವಾಗ ಮಾತ್ರ, ಪ್ರತಿ ಸಲ ಸುಮಾರು 40 ನಿಮಿಷ, ಅವನು ಅದರ ಎದುರಿಗೆ ಸಿಗುತ್ತಿದ್ದ. ಆ ದಿನ ಚಂದ್ರೋದಯ ಹಗಲಿನಲ್ಲಿತ್ತು. ಮಧ್ಯಾಹ್ನ 12ಕ್ಕೆ ಎರಡು ನಿಮಿಷ ಇರುವಾಗ, ಕಳಿಸಿದ ಮಿಡಿತ ಎರಡೂವರೆ ಸೆಕೆಂಡಿನ ಮೇಲೆ ಮರಳಿ ಕಾಣಿಸಿಕೊಂಡಿತು.

ಗಡಿಯಾರದವನಾಗಿ ಇಲ್ಲಿ ನಾನು ಒಂದು ತಕರಾರು ಎತ್ತಬೇಕು. ಡಯಾನಾ ಚಂದ್ರನನ್ನು ಮುಟ್ಟಿತು ನಿಜ, ಅಳೆಯಿತು ಎನ್ನಲಾಗದು. ಅವರು ಕಳಿಸಿದ ಒಂದೊಂದು ಮಿಡಿತವೂ ಕಾಲು ಸೆಕೆಂಡು ಉದ್ದ. ಕಾಲು ಸೆಕೆಂಡಿನಲ್ಲಿ ರೇಡಿಯೊ ಅಲೆ 75,000 ಕಿ.ಮೀ. ಓಡುತ್ತದೆ. ಅಷ್ಟು ಉದ್ದದ ಅಲೆಯ ಸಾಲು ಚಂದ್ರನಿಗೆ ತಾಗಿ ಬಂದಾಗ, ಅದರ ತಲೆ ಯಾವ ಕ್ಷಣ ಬಂತು ಎಂದು ನುಣ್ಣಗೆ ಹೇಳಲು ಬರುವುದಿಲ್ಲ. ನನ್ನ ಮೇಜಿನ ಮೇಲಿರುವ ಎಚ್‌ಎಂಟಿ ಜನತಾ ವಾಚು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತದೆ. ಒಂದು ಟಿಕ್ಕಿನಲ್ಲಿ ಅಲೆ 60,000 ಕಿ.ಮೀ. ಹೋಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಅರ್ಧ ಮಾಡಿದರೆ 30,000 ಕಿ.ಮೀ. ಅಂದರೆ ಜನತಾ ವಾಚಿನ ಟಿಕ್ಕು ಎಣಿಸಿ ಚಂದ್ರನ ದೂರ ಹೇಳಹೊರಟರೆ 30,000 ಕಿ.ಮೀ. ಆಚೀಚೆ ಆದೀತು. ಡಯಾನಾದ ಮಿಡಿತವೂ ಹೆಚ್ಚು ಕಡಿಮೆ ಅದೇ ಅಂದಾಜಿನದು. ಅದರ ಹಿರಿಮೆ ಬೇರೆ ಕಡೆ ಇದೆ. ರೇಡಿಯೊ ಅಲೆ ಭೂಮಿಯ ವಾತಾವರಣವನ್ನು ತೂರಿ ಆಚೆ ಹೋಗುತ್ತದೆ, ಮರಳಿಯೂ ಬರುತ್ತದೆ ಎಂದು ಅದು ಮೊದಲ ಸಲ ತೋರಿಸಿತು. ಮುಂದೆ ಹಾರಿದ ಪ್ರತಿ ಉಪಗ್ರಹದ ಜೊತೆ ಮಾತಾಡಲು ಈ ಧೈರ್ಯವೇ ಆಧಾರ.

ತಿಂಗಳು ಕಳೆಯುವ ಮೊದಲೇ, ಅದೇ ವರ್ಷ ಫೆಬ್ರವರಿ 6ರಂದು ಹಂಗೆರಿಯ ಜೋಲ್ತಾನ್ ಬಾಯಿ ಕೂಡ ಚಂದ್ರನ ಉತ್ತರ ಪಡೆದರು. ನನಗೆ ಹೆಚ್ಚು ಇಷ್ಟವಾದದ್ದು ಇವರ ಉಪಾಯ. ಯುದ್ಧದಲ್ಲಿ ನಲುಗಿದ ಬುಡಾಪೆಸ್ಟಿನಲ್ಲಿ ಅವರಿಗೆ ಅಮೆರಿಕದವರಷ್ಟು ಬಲವಾದ, ಸ್ಥಿರವಾದ ಸಲಕರಣೆ ಇರಲಿಲ್ಲ. ಬರುವ ಉತ್ತರ ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತು. ಅದಕ್ಕೆ ಅವರು ನೀರನ್ನು ವಿದ್ಯುತ್ತಿನಿಂದ ಒಡೆಯುವ ಕೂಲೋಮೀಟರ್ ಎಂಬ ಗಾಜಿನ ಕೊಳವೆಗಳನ್ನು ಸಾಲಾಗಿ ಇಟ್ಟರು. ಮಿಡಿತ ಕಳಿಸಿದ ಮೇಲಿನ ಕಾಲವನ್ನು ತುಂಡು ತುಂಡಾಗಿ ಹಂಚಿ, ಒಂದೊಂದು ತುಂಡಿನಲ್ಲಿ ರಿಸೀವರಿಗೆ ಬಂದ ವಿದ್ಯುತ್ತನ್ನು ಒಂದೊಂದು ಕೊಳವೆಗೆ ಬಿಟ್ಟರು. ಇದೇ ಕ್ರಮ ಮತ್ತೆ ಮತ್ತೆ, ನೂರಾರು ಸಲ. ಗದ್ದಲ ಎಲ್ಲ ಕೊಳವೆಗಳಲ್ಲೂ ಸಮನಾಗಿ ಜಲಜನಕದ ಗುಳ್ಳೆ ಎಬ್ಬಿಸಿತು. ಎರಡೂವರೆ ಸೆಕೆಂಡಿನ ಹೊತ್ತಿಗೆ ಸೇರಿದ ಕೊಳವೆಯಲ್ಲಿ ಮಾತ್ರ ಗುಳ್ಳೆ ಸ್ವಲ್ಪ ಹೆಚ್ಚು ನಿಂತಿತು. ಆ ಹೆಚ್ಚುವರಿ ಗುಳ್ಳೆಯೇ ಚಂದ್ರನ ಉತ್ತರ.

ಒಂದು ಸಲಕ್ಕೆ ಕಾಣದ್ದು ಕೂಡಿಸಿದಾಗ ಕಾಣುತ್ತದೆ ಎಂಬುದು ನಮ್ಮ ಕಸುಬಿನವರಿಗೆ ಹೊಸತಲ್ಲ. ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುವ ವಾಚನ್ನು ಒಂದು ಗಂಟೆ ನೋಡಿದರೆ ಏನೂ ತಿಳಿಯದು. ತಿಂಗಳು ಇಟ್ಟರೆ ಕಾಲು ನಿಮಿಷ ತಪ್ಪಿ ಅದೇ ಹೇಳುತ್ತದೆ. ಚಂದ್ರನಿಗೆ ಸಂಬಂಧಿಸಿದ ರೇಡಾರ್ ಕೆಲಸವೆಲ್ಲ ಆಮೇಲೆ ಈ ಕೂಡಿಸುವ ದಾರಿಯಲ್ಲೇ ಸಾಗಿತು.

ಉತ್ತರ ಯಾಕೆ ಅಷ್ಟು ಕ್ಷೀಣ

ರೇಡಾರಿನಲ್ಲಿ ಅಲೆ ಹೋಗುವಾಗಲೂ ಹರಡುತ್ತದೆ, ಬರುವಾಗಲೂ ಹರಡುತ್ತದೆ. ದೂರ ಎರಡರಷ್ಟಾದರೆ ಹೋಗುವ ಬಲ ನಾಲ್ಕರಲ್ಲಿ ಒಂದಾಗುತ್ತದೆ, ಮರಳುವಾಗ ಮತ್ತೆ ನಾಲ್ಕರಲ್ಲಿ ಒಂದು. ಒಟ್ಟು ಹದಿನಾರರಲ್ಲಿ ಒಂದು. ಹೊಸೂರಿನಿಂದ 384 ಕಿ.ಮೀ. ದೂರದಲ್ಲಿ ಹಾರುವ ವಿಮಾನವನ್ನೇ ಸಾವಿರ ಪಟ್ಟು ದೂರ, ಅಂದರೆ ಚಂದ್ರನ ಹತ್ತಿರ ಇಟ್ಟರೆ, ಅದರ ಉತ್ತರ ಒಂದು ಲಕ್ಷ ಕೋಟಿ ಪಟ್ಟು ಕುಗ್ಗುತ್ತದೆ. ನಮ್ಮನ್ನು ಕಾಪಾಡಿದ್ದು ಚಂದ್ರನ ಗಾತ್ರ. 3,474 ಕಿ.ಮೀ. ವ್ಯಾಸದ ಗುಂಡು ಕಲ್ಲು ಎದುರಿಗಿರುವುದರಿಂದ ಅಷ್ಟಿಷ್ಟು ಮರಳಿ ಬರುತ್ತದೆ.

ಆ ಗುಂಡುತನವೇ ಇನ್ನೊಂದು ತೊಡಕು. ಚಂದ್ರನ ಮೈಯಲ್ಲಿ ನಮಗೆ ಅತಿ ಹತ್ತಿರದ ಜಾಗದಿಂದ ಉತ್ತರ ಮೊದಲು ಬರುತ್ತದೆ. ಅಂಚಿನ ಭಾಗ ಸುಮಾರು 1,737 ಕಿ.ಮೀ. ಹಿಂದೆ ಇರುವುದರಿಂದ ಅಲ್ಲಿಂದ ಬರುವ ಉತ್ತರ ಸೆಕೆಂಡಿನ ಸಾವಿರದಲ್ಲಿ ಹನ್ನೊಂದು ಹನ್ನೆರಡು ಭಾಗದಷ್ಟು ತಡ. ಕಳಿಸಿದ್ದು ಚೂಪಾದ ಮಿಡಿತ, ಬಂದದ್ದು ಬಾಲ ಎಳೆದುಕೊಂಡ ಮಿಡಿತ. ದೂರ ಬೇಕಿದ್ದರೆ ಬಾಲ ಬಿಟ್ಟು ತಲೆಯನ್ನೇ ಹಿಡಿಯಬೇಕು, ಆ ತಲೆಯೋ ಗದ್ದಲದ ನಡುವೆ.

ಮೂರನೆಯ ತೊಡಕು ನಾವೇ. ಭೂಮಿ ತಿರುಗುವುದರಿಂದ ಹೊಸೂರು ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಚಂದ್ರ ಹುಟ್ಟುವಾಗ ನಾವು ಅವನ ಕಡೆಗೆ ಓಡುತ್ತೇವೆ, ಮುಳುಗುವಾಗ ಅವನಿಂದ ದೂರಕ್ಕೆ. ಮಿಡಿತ ಹೋಗಿ ಬರುವಷ್ಟರಲ್ಲೇ ದೂರ ಒಂದು ಕಿಲೋಮೀಟರಿನಷ್ಟು ಬದಲಾಗಿರುತ್ತದೆ. ಅಲೆಯ ಆವರ್ತನವೂ ಸ್ವಲ್ಪ ಸರಿದಿರುತ್ತದೆ. ಡಯಾನಾ ತಂಡ ಈ ಸರಿತವನ್ನು ಮೊದಲೇ ಲೆಕ್ಕ ಹಾಕಿ ರಿಸೀವರನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಯಿತು.

ಇಲ್ಲೇ ಒಂದು ಸೋಜಿಗ ಹೇಳಿಬಿಡುತ್ತೇನೆ. ಹೊಸೂರಿನ ಬೆಟ್ಟದ ಮೇಲೆ ಚಂದ್ರಚೂಡೇಶ್ವರನ ಗುಡಿ ಇದೆ. ಹುಣ್ಣಿಮೆಯ ಸಂಜೆ ಅಲ್ಲಿ ನಿಂತರೆ ಮೂಡಣದ ಅಂಚಿನಲ್ಲಿ ಚಂದ್ರ ದೊಡ್ಡ ತಟ್ಟೆಯಂತೆ ಕಾಣುತ್ತಾನೆ, ಎಷ್ಟು ಹತ್ತಿರ ಬಂದಿದ್ದಾನೆ ಎಂದು ಜನ ಬೆರಗಾಗುತ್ತಾರೆ. ರೇಡಾರನ್ನು ಕೇಳಿದರೆ ಉಲ್ಟಾ ಹೇಳುತ್ತದೆ. ಅಂಚಿನಲ್ಲಿರುವ ಚಂದ್ರ ನಡುನೆತ್ತಿಯ ಚಂದ್ರನಿಗಿಂತ ಸುಮಾರು 6,000 ಕಿ.ಮೀ. ಹೆಚ್ಚು ದೂರ. ಯಾಕೆಂದರೆ ಅವನು ನೆತ್ತಿಗೆ ಬರುವಷ್ಟರಲ್ಲಿ ಭೂಮಿ ತನ್ನ ಅರ್ಧ ವ್ಯಾಸದಷ್ಟು ನಮ್ಮನ್ನು ಅವನ ಕಡೆಗೆ ಒಯ್ದಿರುತ್ತದೆ. ಕಣ್ಣಿಗೆ ದೊಡ್ಡದಾಗಿ ಕಂಡದ್ದು ಮನಸ್ಸಿನ ಆಟ. ಉತ್ತರ ಬರುವ ಕಾಲದಲ್ಲಿ ಸೆಕೆಂಡಿನ ಸಾವಿರದಲ್ಲಿ 40 ಭಾಗದಷ್ಟು ವ್ಯತ್ಯಾಸ ನಿಜವಾದದ್ದು.

ಹಾಗಾದರೆ 3,84,400 ಎಲ್ಲಿಂದ ಎಲ್ಲಿಗೆ? ಅದು ಭೂಮಿಯ ನಡುವಿನಿಂದ ಚಂದ್ರನ ನಡುವಿಗೆ, ಅದೂ ಸರಾಸರಿ. ರೇಡಾರ್ ಅಳೆಯುವುದು ಮೈಯಿಂದ ಮೈಗೆ, ಆಮೇಲೆ ಎರಡು ಕಡೆಯ ತ್ರಿಜ್ಯವನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಚಂದ್ರನ ದಾರಿ ನಿಖರ ವೃತ್ತವಲ್ಲ. ಅವನು 3,56,000 ಕಿ.ಮೀ.ವರೆಗೆ ಹತ್ತಿರ ಬರಬಲ್ಲ, 4,06,000 ಕಿ.ಮೀ. ದಾಟಿ ದೂರವೂ ಹೋಗಬಲ್ಲ. ಗಡಿಯಾರದಲ್ಲಿ ಹೇಳುವುದಾದರೆ 2.38 ಸೆಕೆಂಡಿನಿಂದ 2.71 ಸೆಕೆಂಡು.

ಮೈಕ್ರೊಸೆಕೆಂಡಿನ ಅಳತೆ

ನಿಜವಾದ ಅಳತೆ ಬಂದದ್ದು ಡಯಾನಾ ಆಗಿ ಹತ್ತು ವರ್ಷಗಳ ಮೇಲೆ. 1957ರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯ 50 ಅಡಿ ಅಗಲದ ತಟ್ಟೆಯಿಂದ ಎರಡು ಮೈಕ್ರೊಸೆಕೆಂಡಿನ ಮಿಡಿತ ಕಳಿಸಿತು. ಮೈಕ್ರೊಸೆಕೆಂಡು ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಅಷ್ಟರಲ್ಲಿ ಅಲೆ 300 ಮೀಟರ್ ಮಾತ್ರ ಹೋಗುತ್ತದೆ. ಮರುವರ್ಷ ಇಂಗ್ಲೆಂಡಿನ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್ ಐದು ಮೈಕ್ರೊಸೆಕೆಂಡಿನ ಮಿಡಿತಗಳನ್ನು ಸೆಕೆಂಡಿಗೆ 260ರಂತೆ ಕಳಿಸಿ, ಆಸಿಲೋಸ್ಕೋಪಿನ ಗೆರೆಗಳನ್ನು ಫೋಟೊ ಫಿಲಮ್ಮಿನಲ್ಲಿ ಒಂದರ ಮೇಲೊಂದು ಕೂಡಿಸಿತು. ಬಾಯಿ ಅವರ ಗುಳ್ಳೆಗಳ ಉಪಾಯವೇ ಇಲ್ಲಿ ಫಿಲಮ್ಮಿನ ರೂಪ ತಾಳಿತು. ಮುಂದೆ ಒಂದು ತಿಂಗಳ ಕಾಲ ನಡೆಸಿದ ಅಳತೆಯಿಂದ ಬಂದ ಸಂಖ್ಯೆ 3,84,402 ಕಿ.ಮೀ., ಆಚೀಚೆ 1.2 ಕಿ.ಮೀ. ಆ ಕಾಲಕ್ಕೆ ಅದಕ್ಕಿಂತ ಖಚಿತವಾದ ಅಳತೆ ಇನ್ನೊಂದಿರಲಿಲ್ಲ.

ಈ ನಿಖರತೆಗೆ ಎಂಥ ಗಡಿಯಾರ ಬೇಕು? ನಿಮ್ಮ ಕೈಯಲ್ಲಿರುವ ಸಾಮಾನ್ಯ ಕ್ವಾರ್ಟ್ಜ್ ವಾಚಿನ ಒಳಗೆ ಒಂದು ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಒಂದು ಅದುರಿಗೆ ಸುಮಾರು 30 ಮೈಕ್ರೊಸೆಕೆಂಡು. ಅಷ್ಟರಲ್ಲಿ ಅಲೆ 9 ಕಿ.ಮೀ. ಹೋಗುತ್ತದೆ, ಅರ್ಧ ಮಾಡಿದರೆ ನಾಲ್ಕೂವರೆ ಕಿ.ಮೀ. ತಿಂಗಳಿಗೆ 15 ಸೆಕೆಂಡು ತಪ್ಪುವ ವಾಚು ಕೂಡ ಎರಡೂವರೆ ಸೆಕೆಂಡಿನ ಅವಧಿಯಲ್ಲಿ ತಪ್ಪುವುದು ಸುಮಾರು 15 ಮೈಕ್ರೊಸೆಕೆಂಡು, ದೂರದಲ್ಲಿ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಸಂತೆಯಲ್ಲಿ ಮಾರುವ ವಾಚಿನ ಹರಳಿಗೂ, ಅದರ ಅದುರನ್ನು ಎಣಿಸುವ ಯಂತ್ರ ಜೊತೆಗಿದ್ದರೆ, ಚಂದ್ರನ ದೂರವನ್ನು ಕೆಲವೇ ಕಿಲೋಮೀಟರುಗಳ ಒಳಗೆ ಹೇಳುವ ಯೋಗ್ಯತೆ ಇದೆ. ಹಾಗೆಂದು ತಳಿ ರಸ್ತೆಯಲ್ಲಿ ಕೂತು ಚಂದ್ರನನ್ನು ಅಳೆಯಲಾಗದು. ಕಷ್ಟ ಇರುವುದು ಕಾಲ ಎಣಿಸುವುದರಲ್ಲಲ್ಲ, ಬಂದ ಉತ್ತರವನ್ನು ಕೇಳಿಸಿಕೊಳ್ಳುವುದರಲ್ಲಿ. ದೊಡ್ಡ ತಟ್ಟೆ ಬೇಕಾಗುವುದು ಅದಕ್ಕೇ.

1967ರಿಂದ ಸೆಕೆಂಡನ್ನು ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳ ಕಾಲ ಎಂದು ಗೊತ್ತುಮಾಡಿದ್ದಾರೆ. 1983ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಕು ಒಂದು ಸೆಕೆಂಡಿನ 29,97,92,458 ಭಾಗಗಳಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಹೋಗುವ ದೂರವೇ ಮೀಟರು ಎಂದರು. ಪ್ಯಾರಿಸ್ಸಿನಲ್ಲಿ ಜೋಪಾನವಾಗಿಟ್ಟಿದ್ದ ಲೋಹದ ಕಂಬಿ ಮೀಟರಾಗಿದ್ದ ಕಾಲ ಅಷ್ಟರಲ್ಲಿ ಮುಗಿದುಹೋಗಿತ್ತು. ಈಗ ಗಜಕೋಲೂ ಗಡಿಯಾರದ ಲೆಕ್ಕದಲ್ಲೇ ಇದೆ. ಚಂದ್ರನ ದೂರ ಎರಡೂವರೆ ಸೆಕೆಂಡು ಎನ್ನುವ ನಾನು ಕಾನೂನಿನ ಪ್ರಕಾರವೂ ಸರಿಯಾಗಿಯೇ ಹೇಳುತ್ತಿದ್ದೇನೆ.

ಬ್ಯಾಲಾಳುವಿನ ತಟ್ಟೆ, ಕಳೆದುಹೋದ ಚಂದ್ರಯಾನ

ನಮ್ಮ ಹತ್ತಿರದ ದೊಡ್ಡ ತಟ್ಟೆ ಇರುವುದು ಬೆಂಗಳೂರಿನ ಆ ಕಡೆ, ಮೈಸೂರು ರಸ್ತೆಯ ಬದಿಯ ಬ್ಯಾಲಾಳುವಿನಲ್ಲಿ. ಇಸ್ರೊ 2008ರಲ್ಲಿ ಚಂದ್ರಯಾನ-1ಕ್ಕಾಗಿ ಅಲ್ಲಿ 32 ಮೀಟರ್ ಮತ್ತು 18 ಮೀಟರ್ ಅಗಲದ ಆಂಟೆನಾಗಳನ್ನು ನಿಲ್ಲಿಸಿತು. ಇವು ಚಂದ್ರನ ಸುತ್ತ ಇರುವ ನೌಕೆಯ ದೂರ ಅಳೆಯುತ್ತವೆ, ಆದರೆ ಡಯಾನಾದ ರೀತಿಯಲ್ಲಿ ಅಲ್ಲ. ಇಲ್ಲಿಂದ ಹೋದ ಸಂಕೇತವನ್ನು ನೌಕೆಯಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಸಾಧನ ಹಿಡಿದು, ಬಲ ತುಂಬಿ ಮರಳಿ ಕಳಿಸುತ್ತದೆ. ಆ ಸಾಧನ ತಿಂದ ಕಾಲವನ್ನು ಕಳೆದರೆ ಉಳಿದದ್ದು ದಾರಿಯ ಕಾಲ. ಆ ಕಡೆಯಿಂದಲೂ ಒಬ್ಬರು ಹೊಸದಾಗಿ ಕೂಗುವುದರಿಂದ ಹದಿನಾರರಲ್ಲಿ ಒಂದು ಎಂಬ ನಷ್ಟ ಇಲ್ಲ.

ನೌಕೆ ಬದುಕಿರುವವರೆಗೆ ಮಾತ್ರ ಈ ಅನುಕೂಲ. ಎಂ. ಅಣ್ಣಾದೊರೈ ಅವರ ನೇತೃತ್ವದಲ್ಲಿ ಸಿದ್ಧವಾಗಿ 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1, 2009ರ ಆಗಸ್ಟ್ 29ರಂದು ಇದ್ದಕ್ಕಿದ್ದಂತೆ ಮೌನವಾಯಿತು. ಬ್ಯಾಲಾಳು ಎಷ್ಟು ಕೂಗಿದರೂ ಉತ್ತರವಿಲ್ಲ. ಒಂದೂವರೆ ಮೀಟರ್ ಅಳತೆಯ ಪೆಟ್ಟಿಗೆ ಚಂದ್ರನನ್ನು ಸುತ್ತುತ್ತಿದೆಯೋ ಬಿದ್ದಿದೆಯೋ ಹೇಳುವಂತಿರಲಿಲ್ಲ. ಚಂದ್ರನ ಒಳಗಿನ ದ್ರವ್ಯ ಎಲ್ಲ ಕಡೆ ಸಮನಾಗಿಲ್ಲ. ಎಳೆತ ಹೆಚ್ಚಿರುವ ತಾಣಗಳು ನೌಕೆಯ ದಾರಿಯನ್ನು ಅಡ್ಡಾದಿಡ್ಡಿ ಮಾಡಿಬಿಡುತ್ತವೆ. ಬೆಳಕಿನ ದೂರದರ್ಶಕದಿಂದ ಹುಡುಕೋಣವೆಂದರೆ ಚಂದ್ರನ ಹೊಳಪಿನಲ್ಲಿ ಅಷ್ಟು ಸಣ್ಣದು ಕಾಣುವುದಿಲ್ಲ.

ಆಗ ಕೆಲಸಕ್ಕೆ ಬಂದದ್ದು ಹಳೆಯ ರೇಡಾರ್ ದಾರಿಯೇ. 2016ರ ಜುಲೈ 2ರಂದು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ತಂಡ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರುವ 70 ಮೀಟರ್ ಆಂಟೆನಾದಿಂದ ಚಂದ್ರನ ಉತ್ತರ ಧ್ರುವದ ಮೇಲೆ, ನೆಲದಿಂದ 160 ಕಿ.ಮೀ. ಎತ್ತರಕ್ಕೆ ಸೂಕ್ಷ್ಮ ತರಂಗಗಳ ಕಿರಣ ಹಾಯಿಸಿತು. ಮರಳುವ ಉತ್ತರಕ್ಕೆ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕಿನ 100 ಮೀಟರ್ ದೂರದರ್ಶಕ ಕಾದು ಕೂತಿತು. ಧ್ರುವವೇ ಯಾಕೆ? ಚಂದ್ರಯಾನ-1 ಧ್ರುವಗಳ ಮೇಲೆ ಹಾಯುವ ಕಕ್ಷೆಯಲ್ಲಿತ್ತು. ದಾರಿ ಎಷ್ಟೇ ತಿರುಚಿದ್ದರೂ ಪ್ರತಿ ಸುತ್ತಿಗೆ ಅಲ್ಲಿಗೆ ಬರಲೇಬೇಕು. ಒಂದು ಸುತ್ತಿಗೆ 2 ಗಂಟೆ 8 ನಿಮಿಷ ಹಿಡಿಯುತ್ತದೆ ಎಂಬುದು ಹಳೆಯ ಲೆಕ್ಕ. ನಾಲ್ಕು ಗಂಟೆಯ ಕಾವಲಿನಲ್ಲಿ ಸಣ್ಣ ನೌಕೆಯೊಂದರ ಗುರುತು ಎರಡು ಸಲ ಕಿರಣವನ್ನು ದಾಟಿತು, ನಡುವಿನ ಅಂತರವೂ ಆ ಲೆಕ್ಕಕ್ಕೆ ಸರಿಯಾಗಿತ್ತು. ಮುಂದಿನ ಮೂರು ತಿಂಗಳಲ್ಲಿ ಇನ್ನೂ ಏಳು ಸಲ ಅದನ್ನು ಕಂಡರು. ಪೋರ್ಟೊರಿಕೊದ ಅರೆಸಿಬೊ ದೂರದರ್ಶಕವೂ ನೆರವಾಯಿತು. 2017ರ ಮಾರ್ಚಿನಲ್ಲಿ ಸುದ್ದಿ ಹೊರಬಂತು.

ಕಕ್ಷೆಯ ಆಕಾರ, ಓರೆ ಎಲ್ಲ 2009ರಲ್ಲಿ ಇದ್ದಂತೆಯೇ ಇದ್ದವು. ತಪ್ಪಿದ್ದು ಹೊತ್ತು. ಇರಬೇಕಾದ ಜಾಗಕ್ಕಿಂತ ನೌಕೆ ಸುಮಾರು ಅರ್ಧ ಸುತ್ತು ಬೇರೆ ಕಡೆ ಇತ್ತು. ಏಳು ವರ್ಷ ಯಾರೂ ಕೀ ಕೊಡದೆ, ಯಾರೂ ನೋಡದೆ ಸುತ್ತಿದ್ದಕ್ಕೆ ಅರ್ಧ ಸುತ್ತಿನ ವ್ಯತ್ಯಾಸ. ನಾನು ಬಿಚ್ಚಿ ನೋಡಿದ ಎಷ್ಟೋ ವಾಚುಗಳಿಗಿಂತ ಅದು ವಾಸಿ.

ಹತ್ತಿರದ ಅಳತೆ, ಕೂದಲೆಳೆಯ ಅಳತೆ

2023ರ ಆಗಸ್ಟ್ 23ರ ಸಂಜೆ ಇಸ್ರೊದ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿಯುವಾಗಲೂ ಚಂದ್ರನ ದೂರವನ್ನು ರೇಡಾರ್ ಅಳೆಯುತ್ತಿತ್ತು, ಈ ಸಲ ಬಲು ಹತ್ತಿರದಿಂದ. ವಿಕ್ರಮ್‌ನಲ್ಲಿ ಕಾ-ಬ್ಯಾಂಡ್ ರೇಡಾರ್ ಎತ್ತರಮಾಪಕ ಇತ್ತು, ಲೇಸರ್ ಎತ್ತರಮಾಪಕವೂ ಇತ್ತು. ನೆಲದಿಂದ ಸುಮಾರು 150 ಮೀಟರ್ ಎತ್ತರದಲ್ಲಿ ಅದು ಜಾಗ ಪರೀಕ್ಷಿಸಲು ತುಸು ಹೊತ್ತು ನಿಂತಿತಲ್ಲ, ಆಗ ಅಲೆ ಹೋಗಿ ಬರಲು ಹಿಡಿದದ್ದು ಒಂದೇ ಒಂದು ಮೈಕ್ರೊಸೆಕೆಂಡು. ಎರಡೂವರೆ ಸೆಕೆಂಡಿನ ಹಾದಿ ಹೀಗೆ ಮೈಕ್ರೊಸೆಕೆಂಡಿಗೆ ಇಳಿದು 6 ಗಂಟೆ 4 ನಿಮಿಷಕ್ಕೆ ಮುಗಿಯಿತು. ನನ್ನ ಅಂಗಡಿಯಲ್ಲಿ ಸೇರಿದ್ದವರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿದರು. ಹೊಸೂರಿನಲ್ಲಿ ಸಂತೋಷಕ್ಕೆ ಒಂದೇ ಭಾಷೆ ಸಾಲುವುದಿಲ್ಲ.

ಭೂಮಿಯಿಂದ ಅಳೆಯುವ ಕೆಲಸವನ್ನು ಮಾತ್ರ ರೇಡಾರ್ ಈಗ ಲೇಸರಿಗೆ ಬಿಟ್ಟುಕೊಟ್ಟಿದೆ. ಚಂದ್ರನ ಮೈ ಉಬ್ಬುತಗ್ಗು. ರೇಡಿಯೊ ಅಲೆ ಅಲ್ಲಿ ಯಾವ ಕಲ್ಲಿಗೆ ತಾಗಿ ಬಂತು ಎಂದು ಹೇಳಲಾಗದು. 1969ರಲ್ಲಿ ಅಪೊಲೊ 11ರವರು ಅಲ್ಲಿ ಒಂದು ಪ್ರತಿಫಲಕ ಇಟ್ಟು ಬಂದರು. ಬೆಳಕು ಯಾವ ದಿಕ್ಕಿನಿಂದ ಬಂದರೂ ಅದೇ ದಿಕ್ಕಿಗೆ ಮರಳಿಸುವ ಗಾಜಿನ ಮೂಲೆಗಳ ಹಲಗೆ ಅದು. ಅಪೊಲೊ 14 ಮತ್ತು 15, ಸೋವಿಯತ್ ಲೂನೊಖೋದ್ ಬಂಡಿಗಳ ಪ್ರತಿಫಲಕಗಳೂ ಅಲ್ಲಿವೆ. ಗುರಿ ಗೊತ್ತಾದ ಮೇಲೆ ಅಳತೆ ಮಿಲಿಮೀಟರಿಗೆ ಇಳಿದಿದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ ಎಂದು ತಿಳಿದದ್ದು ಹೀಗೆ. ಹೋಗಿ ಬರುವ ಕಾಲ ವರ್ಷಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ ಕಾಲು ಭಾಗದಷ್ಟು ಹೆಚ್ಚುತ್ತಿದೆ. ವಿಕ್ರಮ್‌ನ ಮೇಲೂ ನಾಸಾ ಕೊಟ್ಟ, 20 ಗ್ರಾಂ ತೂಕದ ಇಂಥದೊಂದು ಪುಟ್ಟ ಪ್ರತಿಫಲಕ ಇದೆ. ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ 2023ರ ಡಿಸೆಂಬರ್ 12ರಂದು ಅದಕ್ಕೆ ಲೇಸರ್ ಹಾಯಿಸಿ ಉತ್ತರ ಪಡೆಯಿತು. ವಿಕ್ರಮ್ ತಾನು ನಿದ್ದೆ ಹೋದರೂ ಚಂದ್ರನ ದಕ್ಷಿಣ ಭಾಗದಲ್ಲಿ ಮೈಲುಗಲ್ಲಾಗಿ ನಿಂತಿದೆ.

ಇಷ್ಟು ಓದಿದ ಮೇಲೆ ನೀವೂ ಒಂದು ಸಲ ಚಂದ್ರನ ದೂರ ಅಳೆಯಿರಿ. ತಟ್ಟೆ ಬೇಡ, ಮೊಬೈಲು ಸಾಕು. ಅಪೊಲೊ 11ರ ಗಗನಯಾತ್ರಿಗಳು ಹೂಸ್ಟನ್ ಜೊತೆ ಆಡಿದ ಮಾತಿನ ಧ್ವನಿಮುದ್ರಣವನ್ನು ನಾಸಾ ಎಲ್ಲರಿಗೂ ತೆರೆದಿಟ್ಟಿದೆ. ಕೆಲವು ಕಡೆ ಹೂಸ್ಟನ್ನಿನವರ ಮಾತು ಚಂದ್ರನ ಮೇಲಿದ್ದವರ ಕಿವಿಯ ಸ್ಪೀಕರಿನಿಂದ ಅವರ ಮೈಕಿಗೆ ನುಗ್ಗಿ, ಮೆಲ್ಲಗೆ ಮರಳಿ ಬಂದದ್ದು ಕೇಳಿಸುತ್ತದೆ. ಮಾತು ಶುರುವಾದಾಗ ಒಮ್ಮೆ, ಅದೇ ಮಾತು ಮರಳಿದಾಗ ಇನ್ನೊಮ್ಮೆ ಗುರುತು ಮಾಡಿಕೊಳ್ಳಿ. ಮೊಬೈಲಿನಲ್ಲಿ ಧ್ವನಿಯ ಅಲೆಯನ್ನು ಗೆರೆಯಾಗಿ ತೋರಿಸುವ ಯಾವುದಾದರೂ ಆ್ಯಪ್ ಇದ್ದರೆ ಇನ್ನೂ ಸುಲಭ. ಡೆಂಕಣಿಕೋಟೆಯ ಶಾಲೆಯ ಮೇಷ್ಟ್ರು ಮಕ್ಕಳಿಂದ ಇದನ್ನು ಮಾಡಿಸಬಹುದು, ಮೈಸೂರಿನ ಅಜ್ಜಿ ಮೊಮ್ಮಗನ ಜೊತೆ ಕೂತು ಮಾಡಬಹುದು. ಸಿಗುವ ಕಾಲ ಸುಮಾರು 2.6 ಸೆಕೆಂಡು. ಅದನ್ನು ಮೂರು ಲಕ್ಷದಿಂದ ಗುಣಿಸಿ ಎರಡರಿಂದ ಭಾಗಿಸಿದರೆ 3,90,000 ಕಿ.ಮೀ. ಆಸುಪಾಸಿನ ಉತ್ತರ ಬರಬೇಕು. ಬಾರದಿದ್ದರೆ ಗಡಿಯಾರವನ್ನು ಬೈಯಬೇಡಿ, ಇನ್ನೊಮ್ಮೆ ಕೇಳಿ ಅಳೆಯಿರಿ.